ನೆಲಮಾಳಿಗೆಯಲ್ಲಿ ಕೂತವರು

ಅಥವಾ ಅಪ್ಪ ಹಾಗೆ ಹೇಳಲೇ ಇಲ್ಲವೇನೋ. "ಎಲ್ಲರೂ ಗೋಡೆಗೆ ಒರಗಿ ಕೂತಿದ್ದರು" ಎಂಬ ವಾಕ್ಯ ನನ್ನ ತಲೆಯೊಳಗೆ ಅಪ್ಪನ ದನಿಯಲ್ಲೇ ಕೇಳಿಸುತ್ತದೆ, ಅದು ನಿಜ. ಆದರೆ ಅಪ್ಪ ಎಂದೂ ಆಡದ ಎಷ್ಟೋ ಮಾತುಗಳೂ ಅದೇ ದನಿಯಲ್ಲಿ ಕೇಳಿಸುತ್ತವೆ. ಮೊನ್ನೆ ಮೊಬೈಲ್ ಎಲ್ಲಿಟ್ಟೆನೆಂದು ಹುಡುಕುತ್ತಿದ್ದಾಗ ಆ ದನಿ ನನ್ನನ್ನು ಬೈದಿತು. ಅಪ್ಪ ತೀರಿಕೊಂಡಾಗ ರಾಜಾಜಿನಗರದ ನಮ್ಮ ಬೀದಿಯಲ್ಲಿ ಒಬ್ಬರ ಹತ್ತಿರವೂ ಮೊಬೈಲ್ ಇರಲಿಲ್ಲ.

ಇಷ್ಟು ದಿನ ಇದು ನನ್ನೊಬ್ಬನ ಅನುಮಾನವಾಗಿತ್ತು. ಆದರೆ ಇಟಲಿಯ ಒಂದು ಸಣ್ಣ ಊರಿನಲ್ಲಿ, ತೊಂಬತ್ತರ ಹತ್ತಿರ ಬಂದಿರುವ ಒಬ್ಬ ಹೆಂಗಸು ಆ ವಾಕ್ಯ ನಿಜವೋ ಸುಳ್ಳೋ ಎಂದು ಕೇಳತೊಡಗಿದಳು. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬೇಕಿತ್ತು ಅವಳಿಗೆ.

ಅನುಮಾನವಿಲ್ಲದಷ್ಟನ್ನು ಮೊದಲು ಹೇಳಿಬಿಡುತ್ತೇನೆ. ದಾವಣಗೆರೆ ಕಡೆಯ ಹಳ್ಳಿಯೊಂದರಿಂದ ಹೋದ ಅಪ್ಪ ಎರಡನೇ ಮಹಾಯುದ್ಧದಲ್ಲಿ ಸೈನ್ಯದ ರಸ್ತೆ, ಸೇತುವೆ ಕಟ್ಟುವ ದಳದಲ್ಲಿದ್ದರು. ಬಂದೂಕು ಕೊಟ್ಟಿದ್ದರು, ಆದರೆ ಕೈಯಲ್ಲಿ ಸದಾ ಇರುತ್ತಿದ್ದುದು ಸನಿಕೆ. ಆ ದಳ ಇಟಲಿಗೆ ಹೋಯಿತು. ಗುಡ್ಡದ ತಿರುವಿನಲ್ಲಿದ್ದ ಒಂದು ಊರು. ಸೈನ್ಯ ಮುಂದಕ್ಕೆ ಸಾಗಬೇಕಿದ್ದ ರಸ್ತೆ ಆ ಊರಿನ ನಟ್ಟನಡುವೆ ಹಾದುಹೋಗುತ್ತಿತ್ತು. ಊರಿನಲ್ಲಿ ಜರ್ಮನ್ನರಿದ್ದಾರೆಂದು ಸುದ್ದಿ. ಒಂದು ಬೆಳಿಗ್ಗೆ ವಿಮಾನಗಳು ಬಂದು ಬಾಂಬು ಹಾಕಿ ಹೋದವು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಂದು, ಉಳಿದುಕೊಂಡದ್ದರ ಮೇಲೂ ಹಾಕಿದವು. ಅವು ಅಪ್ಪನ ಕಡೆಯ ವಿಮಾನಗಳು. ಹೊಗೆ ಇಳಿದ ಮೇಲೆ ಎರಡು ವಿಷಯ ಗೊತ್ತಾಯಿತು. ಜರ್ಮನ್ನರು ಹಿಂದಿನ ದಿನವೇ ಜಾಗ ಖಾಲಿ ಮಾಡಿದ್ದರು. ಮತ್ತೆ, ಮನೆಗಳೆಲ್ಲ ರಸ್ತೆಯ ಮೇಲೇ ಬಿದ್ದಿದ್ದರಿಂದ ಗೆದ್ದ ಸೈನ್ಯದ ಟ್ಯಾಂಕುಗಳು ಒಂದಡಿಯೂ ಮುಂದೆ ಹೋಗುವಂತಿರಲಿಲ್ಲ.

"ನಮ್ಮೋರೇ ಕೆಡವಿದ್ರು, ನಮ್ಮೋರೇ ಬಳೀಬೇಕಾಯ್ತು," ಎಂದು ಅಪ್ಪ ಹೇಳುತ್ತಿದ್ದರು. ಇದನ್ನು ಅಮ್ಮ ಕೇಳಿದ್ದಳು, ಅಕ್ಕ ಕೇಳಿದ್ದಾಳೆ, ಬೀದಿಯ ಅರ್ಧ ಜನ ಕೇಳಿದ್ದರು. ಹೇಳಿ ನಗುತ್ತಿದ್ದರು. ಹಲ್ಲು ಕಟ್ಟಿಸಿಕೊಂಡ ಮೇಲೆ ಆ ನಗು ಸ್ವಲ್ಪ ಸಭ್ಯವಾಯಿತು.

ಬಳಿಯುವ ಕೆಲಸ ಹೀಗಿತ್ತಂತೆ. ಅವಶೇಷವನ್ನು ಬೇರೆಲ್ಲಿಗೋ ಸಾಗಿಸಲು ಸಮಯವಿರಲಿಲ್ಲ. ಬಾಂಬು ತೋಡಿದ ಗುಂಡಿಗಳಿಗೆ, ಬಾಯ್ದೆರೆದ ನೆಲಮಾಳಿಗೆಗಳಿಗೆ ಅದನ್ನೇ ತಳ್ಳಿ, ಮೇಲೆ ಮಟ್ಟ ಮಾಡಿ, ಟ್ಯಾಂಕಿಗೆ ದಾರಿ ಕೊಡುವುದು. ಊರಿನ ಮನೆಗಳೇ ಊರಿನ ರಸ್ತೆಯಾದವು. ಮಂಚದ ಕಾಲು, ಹೊಲಿಗೆ ಯಂತ್ರ, ಇಗರ್ಜಿಯ ಯಾವುದೋ ವಿಗ್ರಹದ ಮೊಣಕೈ, ಎಲ್ಲ ಒಳಗೆ. ತಳ್ಳುವ ಮುನ್ನ ಒಂದು ಕ್ರಮವಿತ್ತು. ಒಬ್ಬ ಹೊಟ್ಟೆಯ ಮೇಲೆ ಮಲಗಿ, ಬಿರುಕಿನಲ್ಲಿ ತಲೆ ತೂರಿಸಿ, ಟಾರ್ಚ್ ಬಿಟ್ಟು ನೋಡಬೇಕು, ಕೂಗಬೇಕು, ಕಾಯಬೇಕು, ಮತ್ತೊಮ್ಮೆ ಕೂಗಬೇಕು. ಉತ್ತರ ಬರದಿದ್ದರೆ ಕೈ ಬೀಸಬೇಕು. ಕೈ ಬೀಸಿದರೆ ಬುಲ್ಡೋಜರ್ ಬರುತ್ತಿತ್ತು. ದಳದಲ್ಲಿ ಎಲ್ಲರಿಗಿಂತ ಹಗುರ ಅಪ್ಪ. ಆದ್ದರಿಂದ ನೋಡುವ ಕೆಲಸ ಅವರದು.

ಯಾವ ಭಾಷೆಯಲ್ಲಿ ಕೂಗುತ್ತಿದ್ದಿರಿ ಎಂದು ಒಮ್ಮೆ ಕೇಳಿದ್ದೆ.

"ಕನ್ನಡದಲ್ಲೇ. ಗಾಬರಿ ಆದಾಗ ಇನ್ನ್ಯಾವ ಭಾಷೆ ಬರತ್ತೆ?"

ಇದೂ ಖಂಡಿತ. ನನ್ನ ಕೈಬರಹದಲ್ಲಿದೆ.

ಆ ಊರಿನ ರಸ್ತೆಬದಿಯಲ್ಲಿ ಒಂದು ಬೇಕರಿ ಇತ್ತು, ಅದರ ಕೆಳಗೆ ನೆಲಮಾಳಿಗೆ, ಅದರೊಳಗೆ ಏಳೆಂಟು ಜನ. ಅಪ್ಪ ನೋಡಿದರು, ಕೈ ಬೀಸಿದರು. ಇಲ್ಲಿಂದ ಮುಂದೆ ನನಗೆ ನೆಲ ಗಟ್ಟಿಯಿಲ್ಲ.

ಅಪ್ಪ ಸತ್ತ ವರ್ಷ ನಾನು ಇದನ್ನು ಒಂದು ಪ್ರಬಂಧವಾಗಿ ಬರೆದೆ, ಸಣ್ಣ ಪತ್ರಿಕೆಯೊಂದರಲ್ಲಿ ಬಂತು. ಮೂವತ್ತು ವರ್ಷದ ಹಿಂದಿನ ಮಾತು. ಅದರಲ್ಲಿ ಅಪ್ಪ ಬಿರುಕಿನಲ್ಲಿ ಕಂಡದ್ದನ್ನು ಹೀಗೆ ಬರೆದಿದ್ದೆ: ಎಲ್ಲರೂ ಗೋಡೆಗೆ ಒರಗಿ ಕೂತಿದ್ದರು. ಹಣೆಯ ಮೇಲೆ ಗೋಧಿಹಿಟ್ಟು, ಸುಣ್ಣದ ಧೂಳು. ಇಪ್ಪತ್ತರ ಹುಡುಗ ಅಪ್ಪನಿಗೆ ಅದು ವಿಭೂತಿಯಂತೆ ಕಂಡಿತು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಲಿಂಗಾಯತರು ನಾವು, ಸತ್ತವರನ್ನು ಪದ್ಮಾಸನ ಹಾಕಿಸಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು, ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸಿ ಮಣ್ಣು ಕೊಡುತ್ತೇವೆ. ಯುದ್ಧಕ್ಕೆ ಬರುವ ಮುನ್ನ ಅಪ್ಪ ನೋಡಿದ್ದ ಸಾವು ಒಂದೇ, ಅವರ ಅಜ್ಜಿಯದು. ಅಜ್ಜಿ ಕೂತಿದ್ದಳು. ಇವರೂ ಕೂತಿದ್ದರು. ಇವರ ಸಮಾಧಿ ಆಗಲೇ ಆಗಿದೆ, ಮಣ್ಣು ಕೊಡುವುದಷ್ಟೇ ಬಾಕಿ ಎಂದು ಅಪ್ಪ ಅಂದುಕೊಂಡರು. ತನ್ನವರಿಗೆ ಕೊಡುವಂತೆ ಕೊಟ್ಟರು.

ಜನ ಇದನ್ನು ತುಂಬಾ ಮೆಚ್ಚಿದರು. ನಾನು ಬರೆದ ಬೇರೆಲ್ಲ ಪ್ರಯೋಗಗಳನ್ನು ಅರ್ಥವಾಗಲಿಲ್ಲ ಎಂದು ಪಕ್ಕಕ್ಕಿಟ್ಟವರು ಇದೊಂದನ್ನು ಓದಿ ಕಣ್ಣೊರೆಸಿಕೊಂಡರು. ಸೈನಿಕರ ಮಕ್ಕಳು ಬರೆದ ಬರಹಗಳ ಪುಸ್ತಕವೊಂದಕ್ಕಾಗಿ ಇಂಗ್ಲಿಷಿಗೂ ಹೋಯಿತು. ಮೂವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಓದುಗ ನನ್ನನ್ನು ಕೇಳಲಿಲ್ಲ: ನೆಟ್ಟಗೆ ಕೂತವರು ಸತ್ತಿದ್ದಾರೆ ಅಂತ ನಿಮ್ಮಪ್ಪನಿಗೆ ಹೇಗೆ ಗೊತ್ತಾಯ್ತು? ನಾನೂ ಕೇಳಿಕೊಳ್ಳಲಿಲ್ಲ. ಆ ಬಿರುಕಿನ ಬಳಿ ಬೇರೆ ಯಾರೇ ಮಲಗಿದ್ದಿದ್ದರೂ, ತಮಿಳನೋ ಮಲಯಾಳಿಯೋ ಇಂಗ್ಲಿಷಿನವನೋ, ಗೋಡೆಗೆ ಒರಗಿ ಕೂತವರನ್ನು ಕಂಡ ಕೂಡಲೇ ಬದುಕಿದ್ದಾರೆ ಎಂದೇ ಅಂದುಕೊಳ್ಳುತ್ತಿದ್ದ. ಕೂತ ಮನುಷ್ಯನನ್ನು ನೋಡಿ ಹೆಣ ಎಂದುಕೊಳ್ಳುವುದು ನಮ್ಮ ಮನೆಯವರಿಗೆ ಮಾತ್ರ ಸಾಧ್ಯ.

ಹೋದ ಚಳಿಗಾಲದಲ್ಲಿ ಆ ಊರಿನಿಂದ ಮೇಲ್ ಬಂತು. ಬರೆದವಳು ಅಲ್ಲಿ ಔಷಧಿ ಅಂಗಡಿ ನಡೆಸುವ ಹೆಂಗಸು. ವಯಸ್ಸು ಅರವತ್ತರ ಆಚೀಚೆ ಇರಬಹುದು. ಬಾಂಬು ಬಿದ್ದ ದಿನವನ್ನು ಊರು ಪ್ರತಿವರ್ಷ ನೆನೆಯುತ್ತದಂತೆ. ಅಲ್ಲಿನ ಗ್ರಂಥಾಲಯದವರು ನನ್ನ ಪ್ರಬಂಧವನ್ನು ಇಂಗ್ಲಿಷಿನಿಂದ ತಮ್ಮ ಭಾಷೆಗೆ ಮಾಡಿ, ಚೌಕದಲ್ಲಿ ಕುರ್ಚಿ ಹಾಕಿ, ಜೋರಾಗಿ ಓದಿದರಂತೆ. ಫೋಟೋ ಕಳಿಸಿದ್ದಳು. ಕಲ್ಲು ಹಾಸಿದ ಚೌಕ, ಸಾಲು ಕುರ್ಚಿ, ಕೋಟು ತೊಟ್ಟ ಮುದುಕರು. ನಾನು ಆ ಫೋಟೋವನ್ನು ಮೂರು ಜನಕ್ಕೆ ಫಾರ್ವರ್ಡ್ ಮಾಡಿದೆ. ಒಬ್ಬ ಸ್ನೇಹಿತ, "ಇಂಟರ್‌ನ್ಯಾಷನಲ್ ಆಗ್ಬಿಟ್ಯಲ್ಲ ಗುರು," ಎಂದು ಉತ್ತರಿಸಿದ. ಅವತ್ತು ನಾನು ಖುಷಿಯಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಎರಡನೇ ಮೇಲ್ ಒಂದು ವಾರದ ಮೇಲೆ. ಅವಳ ತಾಯಿ ಓದು ಕೇಳುತ್ತ ಮೊದಲ ಸಾಲಿನಲ್ಲಿ ಕೂತಿದ್ದಳಂತೆ. ಬಾಂಬು ಬಿದ್ದಾಗ ಆ ತಾಯಿ ಎಂಟೊಂಬತ್ತು ವರ್ಷದ ಹುಡುಗಿ. ಹಿಂದಿನ ದಿನವೇ ಮೇಕೆಯ ಜತೆ ಗುಡ್ಡದ ಮೇಲಿನ ಅತ್ತೆಯ ಮನೆಗೆ ಕಳಿಸಿದ್ದರು, ಬದುಕಿದಳು. ಅವಳ ಅಕ್ಕ, ಹದಿನೈದು ವರ್ಷದವಳು, ರೊಟ್ಟಿಗೆಂದು ಬೇಕರಿಯ ಮುಂದೆ ಸಾಲು ನಿಂತಿದ್ದಳು. ವಿಮಾನದ ಸದ್ದಿಗೆ ಸಾಲಿನಲ್ಲಿದ್ದವರು ನೆಲಮಾಳಿಗೆಗೆ ಓಡಿದರು. ಎರಡು ವರ್ಷದ ನಂತರ ರಸ್ತೆ ಅಗೆದಾಗ ಗಾರೆ ಕೆಲಸದ ಅವಳ ಅಪ್ಪನೇ ಮಗಳನ್ನು ಹೊರತೆಗೆದ. ಅವಳು ಸಿಕ್ಕಿದ್ದು ಮೆಟ್ಟಿಲ ಬುಡದಲ್ಲಿ. ಉಳಿದವರು ಒಳಗೆ, ಇವಳೊಬ್ಬಳು ಮೆಟ್ಟಿಲ ಬುಡದಲ್ಲಿ.

ಪಾಪ, ಇಳಿದು ಓಡಿಬರುವಾಗಲೇ ಬಾಂಬು ಬಿದ್ದಿರಬೇಕು, ಒಂದು ಕ್ಷಣ, ಅಷ್ಟೇ, ಎಂದು ಮನೆಯವರು ಅಂದುಕೊಂಡರು. ತಂಗಿ ಎಂಬತ್ತು ವರ್ಷ ಅದನ್ನೇ ನಂಬಿಕೊಂಡು ಬಂದಳು. ಆ ನಂಬಿಕೆಯ ಮೇಲೆ ಮದುವೆಯಾದಳು, ಮಕ್ಕಳನ್ನು ಹೆತ್ತಳು. ಈಗ ಚೌಕದಲ್ಲಿ ಮೈಕು ಹಿಡಿದ ಯಾರೋ, ಎಲ್ಲರೂ ಗೋಡೆಗೆ ಒರಗಿ ಕೂತಿದ್ದರು, ಎಂದು ಓದಿದರು.

"ಅಮ್ಮ ಅವತ್ತಿನಿಂದ ಒಂದೇ ಮಾತು ಕೇಳುತ್ತಿದ್ದಾಳೆ," ಎಂದು ಮಗಳು ಬರೆದಿದ್ದಳು. "ಸೈನಿಕ ನೋಡಿದಾಗ ಎಲ್ಲರೂ ಕೂತಿದ್ದರೆ, ನನ್ನ ಅಕ್ಕ ಮೆಟ್ಟಿಲಿಗೆ ಬಂದದ್ದು ಯಾವಾಗ? ಅವಳು ಊಟ ಸರಿಯಾಗಿ ಮಾಡುತ್ತಿಲ್ಲ. ದಯವಿಟ್ಟು ತಿಳಿಸಿ. ನಿಮ್ಮ ತಂದೆ ಅದನ್ನು ನೋಡಿದ್ದೋ, ನೀವು ಬರೆದದ್ದೋ?"

ನಾನು ಮೊದಲು ಮಾಡಿದ್ದು ಚೀಟಿ ಹುಡುಕುವ ಕೆಲಸ.

ಚೀಟಿ ಎಂದರೆ, ಅಪ್ಪ ಬದುಕಿದ್ದ ಕಾಲದಲ್ಲಿ ನನಗೆ ಮೊದಲು ಮಧ್ಯ ಕೊನೆ ಎಂದು ನೆಟ್ಟಗೆ ಕತೆ ಹೇಳುವವರ ಮೇಲೆಲ್ಲ ಸಿಟ್ಟು. ನೆನಪು ಹಾಗಿರುವುದಿಲ್ಲ ಎಂದು ಕಾಫಿ ಕುಡಿಯುತ್ತ ವಾದಿಸುತ್ತಿದ್ದೆ. ಅದಕ್ಕೆ ಒಂದು ವಿಧಾನವನ್ನೂ ಕಂಡುಹಿಡಿದಿದ್ದೆ. ಅಪ್ಪ ಹೇಳಿದ್ದನ್ನು ಹಾಳೆಯಲ್ಲಿ ಬರೆದುಕೊಂಡು, ಸಾಲು ಸಾಲಾಗಿ ಕತ್ತರಿಸಿ, ಹಾಲಿನ ನೆಲದ ಮೇಲೆ ಹರಡಿ ಫ್ಯಾನ್ ಹಾಕುವುದು. ಹಾರಿ ಬಿದ್ದ ಕ್ರಮದಲ್ಲೇ ಎತ್ತಿ ಅಂಟಿಸುವುದು. ನಡುವೆ ಬೇಕೆನಿಸಿದರೆ ನನ್ನದೇ ಸಾಲುಗಳನ್ನು ಸೇರಿಸುವುದು, ಯಾವುದು ಯಾರದೆಂದು ಗುರುತು ಹಾಕದೆ. ಗುರುತು ಹಾಕದಿರುವುದೇ ಆ ವಿಧಾನದ ಹೆಚ್ಚುಗಾರಿಕೆ ಎಂದು ನಂಬಿದ್ದೆ. ಸಂಜೆ ಅಮ್ಮ ಕಸ ಗುಡಿಸಲು ಬರುವಳು. "ಏಳು, ನಿಮ್ಮಪ್ಪನ ಯುದ್ಧ ಎಲ್ಲಾ ಸೋಫಾ ಕೆಳಗೆ ಹೋಗಿದೆ," ಎನ್ನುವಳು. ಪೊರಕೆಗೆ ಎಷ್ಟು ಹೋದವೋ.

ಉಳಿದ ಚೀಟಿಗಳು ಅಟ್ಟದ ಮೇಲೆ, ಶರ್ಟಿನ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಎರಡು ದಿನ ಡೈನಿಂಗ್ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಫ್ಯಾನ್ ಆಫ್ ಮಾಡಿದ್ದೆ. ಹೊಲಿಗೆ ಯಂತ್ರದ ಚೀಟಿ ಇದೆ. ಕನ್ನಡದಲ್ಲಿ ಕೂಗಿದ ಚೀಟಿ ಇದೆ. "ಬೇಕರಿ ಹಿಟ್ಟಿನ ವಾಸನೆ, ಸುಟ್ಟ ವಾಸನೆ ಅಲ್ಲ" ಎಂದೊಂದಿದೆ. ಕೂತಿದ್ದರು ಎಂಬುದು ಎಲ್ಲೂ ಇಲ್ಲ. ಆದರೆ ಇಲ್ಲದಿರುವುದರಿಂದ ಏನು ಗೊತ್ತಾದ ಹಾಗಾಯಿತು? ಅದು ಪೊರಕೆಗೆ ಹೋಗಿರಬಹುದು. ಬರೆದುಕೊಳ್ಳದೆಯೇ ನೆನಪಿಟ್ಟುಕೊಂಡಿರಬಹುದು. ಎಂದೂ ಇರಲೇ ಇಲ್ಲವೆಂದೂ ಆಗಬಹುದು.

ಆ ಎರಡು ದಿನವೂ ಎದುರು ಮನೆ ಕೆಡವುತ್ತಿದ್ದರು. ಹಳೆಯ ಮೂವತ್ತು-ನಲವತ್ತರ ಸೈಟಿನ ಮನೆ, ಅಲ್ಲಿ ನಾಲ್ಕು ಅಂತಸ್ತು ಬರುತ್ತದಂತೆ. ಚೀಟಿಗಳ ಮೇಲೆಲ್ಲ ಧೂಳು ಕೂತಿತು. ಕಿಟಕಿ ಮುಚ್ಚಿ ಹೊರಗೆ ಬಂದು, ಟೀ ಕುಡಿಯುತ್ತಿದ್ದ ಜೆಸಿಬಿ ಡ್ರೈವರನನ್ನು ಕೇಳಿದೆ:

"ಕೆಡವೋ ಮುಂಚೆ ಒಳಗೆ ಯಾರಾದ್ರೂ ಇದಾರಾ ಅಂತ ನೋಡ್ತೀರೇನಪ್ಪಾ?"

"ಯಾರಿರ್ತಾರೆ ಸಾರ್. ಕರೆಂಟ್ ಮೀಟರ್ ಕಿತ್ಕೊಂಡ್ ಹೋಗಿ ತಿಂಗಳಾಯ್ತು."

"ಆದ್ರೂ."

"ಒಂದ್ಸಲ ಕುರುಬರಹಳ್ಳೀಲಿ ಬೆಕ್ಕಿನ ಮರಿ ಇತ್ತು ಸಾರ್. ಬಕೆಟ್ ಎತ್ತಿದ್ಮೇಲೆ ಕೂಗ್ತು." ಲೋಟ ಕೆಳಗಿಟ್ಟ. "ಧೂಳಿಗೆ ಕಂಪ್ಲೇಂಟ್ ಕೊಡ್ಬೇಡಿ ಸಾರ್, ನೀರು ಹೊಡಿಸ್ತೀನಿ."

ಮತ್ತೆ ಟೇಬಲ್ಲಿಗೆ ಬಂದಾಗ ನನಗೆ ಬೇರೊಂದು ನೆನಪಾಯಿತು. ಅದು ಅಪ್ಪ ಸತ್ತ ದಿನದ್ದು.

ಆ ಬೆಳಿಗ್ಗೆ ನಾವು ಅಪ್ಪನಿಗೆ ಸ್ನಾನ ಮಾಡಿಸಿ, ಹಾಲಿನ ಗೋಡೆಗೆ ಒರಗಿಸಿ ಕೂರಿಸಿದ್ದೆವು. ತಲೆ ವಾಲದಂತೆ ಗದ್ದಕ್ಕೆ ಬಿಳಿ ಬಟ್ಟೆ ಕೊಟ್ಟು ಗೋಡೆಯ ಮೊಳೆಗೆ ಕಟ್ಟಿದ್ದೆವು. ಹಣೆ ತುಂಬ ವಿಭೂತಿ. ಹೂವಿನ ಹಾರ ಇನ್ನೂ ಬಂದಿರಲಿಲ್ಲ. ಅಪ್ಪನ ಆಫೀಸಿನಲ್ಲಿ ಜತೆಗಿದ್ದ ಒಬ್ಬರು, ನಮ್ಮವರಲ್ಲ, ಸೀರಿಯಸ್ ಆಗಿದ್ದಾರೆ ಎಂಬ ಹಿಂದಿನ ದಿನದ ಸುದ್ದಿ ಕೇಳಿ ಕಿತ್ತಳೆ ಹಣ್ಣು ಹಿಡಿದು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಳಗೆ ನೋಡಿ, "ಏನ್ ಸಾರ್, ಗಾಬರಿ ಮಾಡಿಸ್ಬಿಟ್ರು ಇವ್ರೆಲ್ಲ. ಎದ್ದು ಕೂತಿದೀರಲ್ಲ," ಎಂದರು. ಹಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅವರು ಇನ್ನೆರಡು ಹೆಜ್ಜೆ ಬಂದು ನಿಂತರು. ಕೈಯಲ್ಲಿದ್ದ ಹಣ್ಣನ್ನು ಎಲ್ಲಿ ಇಡುವುದೆಂದು ಅವರಿಗೆ ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕ ನಕ್ಕಳು, ನಕ್ಕದ್ದಕ್ಕೆ ಅತ್ತಳು.

ಆ ದಿನದ ನೆನಪಿನ ಮೇಲೂ ನಾನು ಪ್ರಮಾಣ ಮಾಡಲಾರೆ. ಹಣ್ಣು ಕಿತ್ತಳೆಯೋ ಮೋಸಂಬಿಯೋ. ಆದರೆ ಅಪ್ಪ ಗೋಡೆಗೆ ಒರಗಿ ಕೂತಿದ್ದರು; ಆ ಗೋಡೆಯಲ್ಲಿ ಮೊಳೆ ಈಗಲೂ ಇದೆ. ಆಮೇಲೆ ಗುಂಡಿಯ ಗೂಡಿನಲ್ಲಿ ಕೂತ ಅಪ್ಪನ ಮೇಲೆ ನಾನೇ ಮೊದಲ ಹಿಡಿ ಮಣ್ಣು ಹಾಕಿದೆ. ಎರಡು ತಿಂಗಳ ನಂತರ ಆ ಪ್ರಬಂಧ ಬರೆಯಲು ಕೂತೆ. ಬೇಕರಿಯ ನೆಲಮಾಳಿಗೆಯಲ್ಲಿ ಆ ಜನರನ್ನು ಕೂರಿಸಿದವನು ನಾನೇ ಇರಬಹುದು. ಸತ್ತವರನ್ನು ಬೇರೆ ಹೇಗೆ ಊಹಿಸಿಕೊಳ್ಳಬೇಕೆಂದು ಆಗ ನನಗೆ ಗೊತ್ತಿರಲಿಲ್ಲ.

ಹಾಗಾದರೆ ಇಷ್ಟು. ಕೂತವರನ್ನು ಸತ್ತವರೆಂದು ಅಪ್ಪ ತಪ್ಪು ತಿಳಿದಿರಬೇಕು, ಇಲ್ಲವೇ ಸತ್ತವರನ್ನು ಕೂತವರೆಂದು ನಾನು ತಪ್ಪು ಬರೆದಿರಬೇಕು. ತಪ್ಪು ನಮ್ಮ ಮನೆಯದೇ, ಯಾರದೆಂದು ಗೊತ್ತಿಲ್ಲ. ನನ್ನದಾದರೆ ಅದು ಕಾಗದದ ಮೇಲಿನ ತಪ್ಪು. ಅಪ್ಪನದಾದರೆ ಹದಿನೈದು ವರ್ಷದ ಒಬ್ಬ ಹುಡುಗಿ ಎದ್ದು ನಡೆದು ಬಂದು, ಮೆಟ್ಟಿಲ ಬುಡದಲ್ಲಿ, ನಮ್ಮಪ್ಪ ಬೀಸಿದ ಕೈಯ ಕೆಳಗೆ ಸತ್ತಳು.

ಕೇಳಲು ಉಳಿದಿದ್ದವಳು ಅಕ್ಕ ಒಬ್ಬಳೇ. ಕೆಂಗೇರಿ ಉಪನಗರದಲ್ಲಿದ್ದಾಳೆ, ಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಮೆಟ್ರೋದಲ್ಲಿ ಹೋದೆ. ದೀಪಾಂಜಲಿ ನಗರ ದಾಟುವವರೆಗೆ ಏನು ಕೇಳಬೇಕೆಂದು ಮನಸ್ಸಿನಲ್ಲಿ ಬರೆದು ಬರೆದು ಹೊಡೆದುಹಾಕುತ್ತಿದ್ದೆ. ಸಾಕ್ಷಿಗೆ ಮಾತು ಕಲಿಸಿಕೊಡಬಾರದು ಎಂಬ ಎಚ್ಚರ ಇತ್ತು. ಹೋಗಿ ಮಾಡಿದ್ದು ಅದನ್ನೇ. ಬಾಗಿಲಲ್ಲೇ ಎರಡೂ ಮೇಲ್‌ಗಳ ಕತೆಯನ್ನು, ಚೌಕ, ಮುದುಕಿ, ಮೆಟ್ಟಿಲು, ಎಲ್ಲವನ್ನೂ ಉಸುರಿಬಿಟ್ಟೆ.

ಅವಳು ನೆನೆಸಿದ ಅವರೆಕಾಯಿ ಕಾಳನ್ನು ಹಿತುಕುತ್ತ ಕೂತಿದ್ದಳು.

"ಕೆಲಸ ಇದ್ರೇನೇ ಅಕ್ಕನ ಜ್ಞಾಪಕ ಬರೋದು ನಿಂಗೆ," ಎಂದಳು. "ಕೂತ್ಕೋ. ಸುಮ್ನೆ ಕೂತ್ಕೋಬೇಡ, ಹಿತುಕು."

ಹಿತುಕಿದೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

"ಅಪ್ಪ ಹಾಗಂದಿದ್ರಾ ಅಕ್ಕಾ? ಕೂತಿದ್ರು ಅಂತ?"

"ಅಂದಿದ್ರು ಕಣೋ. ಆದ್ರೆ ನಿಂಗಲ್ಲ, ನಂಗೆ."

"ನಾನೇ ಕೇಳಿಸ್ಕೊಂಡಿದೀನಿ."

"ನೀನೆಲ್ಲಿದ್ದೆ? ಯಾವ್ದೋ ಕವಿಗೋಷ್ಠಿ ಅಂತ ಧಾರವಾಡಕ್ಕೆ ಹೋಗಿದ್ದೆ. ನಾನು ಅಪ್ಪನ ಕಾಲುಗುರು ತೆಗೀತಾ ಇದ್ದೆ, ಆಗ ಹೇಳಿದ್ರು. ನೀನು ಬಂದ್ಮೇಲೆ ನಾನು ನಿಂಗೆ ಹೇಳ್ದೆ. ನೀನು ಪೇಪರಲ್ಲಿ ಹಾಕ್ಕೊಂಡೆ, ಅಪ್ಪ ನಿನ್ನ ಕಿವೀಲೇ ಹೇಳ್ದಂಗೆ."

"ಏನಂದ್ರು? ಅವರ ಮಾತಲ್ಲೇ ಹೇಳು."

"ಅವರ ಮಾತಲ್ಲೇ ಹೇಳೋಕೆ ನಾನೇನ್ ಟೇಪ್ ರೆಕಾರ್ಡರ್ರಾ?" ಕೈ ನಿಲ್ಲಿಸಿದಳು. "ನಮ್ಮೋರ ಥರಾನೇ ಕೂತಿದ್ರು ಕಣಮ್ಮ ಅಂದ್ರು. ಅದಕ್ಕೇ ಎರಡನೇ ಸಲ ಕೂಗಲಿಲ್ಲ ಅಂದ್ರು."

ನಾನು ಹಿತುಕುವುದನ್ನು ಬಿಟ್ಟೆ. ಎರಡನೇ ಸಲ ಕೂಗಲಿಲ್ಲ ಎಂಬುದು ನನ್ನ ಪ್ರಬಂಧದಲ್ಲಿಲ್ಲ. ಚೀಟಿಗಳಲ್ಲೂ ಇಲ್ಲ.

"ಇದನ್ನ ಯಾಕೆ ನಂಗೆ ಆವಾಗ ಹೇಳಲಿಲ್ಲ?"

"ನೀನು ಅದನ್ನೂ ಫ್ಯಾನ್ ಕೆಳಗೆ ಹಾಕ್ತಿದ್ದೆ."

"ಎಲ್ಲಿ ಹೇಳಿದ್ದು? ಯಾವ ಜಾಗ?"

"ವಿಜಯನಗರದ ಮನೆ. ಹಿಂದುಗಡೆ ಮೆಟ್ಟಿಲ ಮೇಲೆ. ಕೆಳಗಿನ ಮೆಟ್ಲಲ್ಲಿ ನಾನು, ಮೇಲಿನ ಮೆಟ್ಲಲ್ಲಿ ಅವ್ರು."

"ಅಕ್ಕಾ, ವಿಜಯನಗರದ ಮನೆಗೆ ನೀವು ಹೋಗಿದ್ದು ಅಪ್ಪ ಹೋದ ಮೇಲೆ."

ಅವಳು ನನ್ನನ್ನು ನೋಡಿದಳು. ಹುಡುಗನೊಬ್ಬ ಬೋರ್ಡಿನ ಮೇಲೆ ತಪ್ಪು ತೋರಿಸಿದಾಗ ಲೆಕ್ಕದ ಟೀಚರ್ ನೋಡುವ ಹಾಗೆ.

"ಹಂಗಾದ್ರೆ ರಾಜಾಜಿನಗರದ ಮನೇಲೇ."

"ಅಲ್ಲಿ ಹಿಂದುಗಡೆ ಮೆಟ್ಟಿಲೇ ಇಲ್ಲ. ಇವತ್ತಿಗೂ ಇಲ್ಲ. ನಾನಿರೋದು ಅಲ್ಲೇ."

"ಮೆಟ್ಟಿಲು ಇಲ್ದಿದ್ರೆ ಮಾತೂ ಇಲ್ವೇನೋ?"

ಮೆಟ್ಟಿಲ ವಿಷಯವನ್ನು ಅವಳಿಗೆ ಹತ್ತು ನಿಮಿಷದ ಹಿಂದೆ ನಾನೇ ಹೇಳಿದ್ದೆ. ಅಲ್ಲಿಂದ ಎತ್ತಿಕೊಂಡು ಅಪ್ಪನನ್ನು ಅದರ ಮೇಲೆ ಕೂರಿಸಿದಳೋ? ಹಾಗೆ ಮಾಡುವವಳಲ್ಲ. ನಾನೂ ಹಾಗೆ ಮಾಡುವವನಲ್ಲ ಎಂದೇ ಅಂದುಕೊಂಡಿದ್ದೆ.

"ನೀನು ಬರ್ದಿದ್ದನ್ನ ಹತ್ತಿಪ್ಪತ್ತು ಸಲ ಓದಿದೀನಿ," ಎಂದಳು ಅಕ್ಕ, ದನಿ ಇಳಿಸಿ. "ಯಾವ್ದು ಓದಿದ್ದು ಯಾವ್ದು ಕೇಳಿದ್ದು ಅಂತ ಈಗ ಕೇಳಿದ್ರೆ ನಾನೇನ್ ಹೇಳ್ಲಿ. ಆದ್ರೆ ಕೂಗಲಿಲ್ಲ ಅಂದಿದ್ದು ನೀನು ಬರ್ದಿಲ್ಲ. ಅದು ನನ್ನ ತಲೇಲಿ ಎಲ್ಲಿಂದ ಬಂತು, ಹೇಳು?"

ನಾನು ಮತ್ತೆ ಒಂದು ಕಾಳು ಎತ್ತಿಕೊಂಡು ಹಿತುಕಿದೆ. ಅಕ್ಕನೇ ಮುಂದುವರಿಸಿದಳು.

"ಆ ಮುದುಕಿಗೆ ಇದನ್ನ ಬರೀಬೇಡ."

"ನಿಜ ಆದ್ರೆ?"

"ನಿಜ ಆದ್ರೆ ಇನ್ನೂ ಬರೀಬೇಡ. ಅಪ್ಪ ಅದನ್ನ ಹೇಳಿದ್ದು ನಂಗೆ. ಊರಿಗಲ್ಲ."

ಬರುವಾಗ ಹಿತುಕಿದ ಬೇಳೆಯನ್ನು ಡಬ್ಬಿಗೆ ಹಾಕಿಕೊಟ್ಟಳು. ನಾನು ಹಿತುಕಿದ್ದರಲ್ಲಿ ಅರ್ಧ ಸಿಪ್ಪೆಯೇ ಇತ್ತೆಂದು ಆಮೇಲೆ ಫೋನ್ ಮಾಡಿ ಹೇಳಿದಳು.

ಉತ್ತರವನ್ನು ನಾಲ್ಕು ಸಲ ಬರೆದೆ. ಮೊದಲನೆಯದು ಎರಡು ಸಾಲು: ಅದು ನನ್ನ ಕಲ್ಪನೆ. ನನ್ನ ತಂದೆ ಹಾಗೆ ಹೇಳಿರಲಿಲ್ಲ. ಅದನ್ನು ಕಳಿಸಿದರೆ ಮುದುಕಿ ಊಟ ಮಾಡುತ್ತಾಳೆ, ಅಪ್ಪ ನಿರಪರಾಧಿಯಾಗುತ್ತಾರೆ, ನಾನು ಕಲ್ಪನಾಶಕ್ತಿ ಇರುವವನಾಗುತ್ತೇನೆ. ಎಲ್ಲರಿಗೂ ಹಿತವಾಗುವ ಉತ್ತರ. ಇಷ್ಟೊಂದು ಹಿತವಾದದ್ದು ನಿಜವಿರಲಾರದು ಎಂದು ಅದನ್ನು ಅಳಿಸಿದೆ. ಅಳಿಸಿದ ಮೇಲೆ ಹೊಳೆಯಿತು, ಹಿತವಾಗಿದೆ ಎಂಬ ಕಾರಣಕ್ಕೇ ಒಂದು ಮಾತು ಸುಳ್ಳಾಗಬೇಕಿಲ್ಲ. ಆ ಅನುಮಾನ ನನ್ನ ಹಳೆಯ ಚಟ. ಅದರ ದಂಡವನ್ನು ಎಲ್ಲೋ ಒಬ್ಬ ಮುದುಕಿ ಯಾಕೆ ತೆರಬೇಕು?

ಎರಡನೆಯದರಲ್ಲಿ ಎಲ್ಲವನ್ನೂ ಬರೆದೆ, ಎರಡನೇ ಸಲ ಕೂಗದಿದ್ದುದನ್ನೂ. ಓದಿದರೆ ಅದೊಂದು ತಪ್ಪೊಪ್ಪಿಗೆಯ ಹಾಗಿತ್ತು. ಅಪ್ಪನ ಪರವಾಗಿ ತಪ್ಪೊಪ್ಪಿಕೊಳ್ಳಲು ನನಗೇನು ಅಧಿಕಾರ? ಅದೂ ಅಕ್ಕನ ತಲೆಯಲ್ಲಿದ್ದ ಮಾತಿನ ಮೇಲೆ, ಇಲ್ಲದ ಮೆಟ್ಟಿಲ ಮೇಲೆ ಕೂತು ಆಡಿದ ಮಾತಿನ ಮೇಲೆ. ಮೂರನೆಯದು ನೆನಪಿನ ಸ್ವರೂಪದ ಬಗ್ಗೆ ಒಂದು ಪುಟ್ಟ ಭಾಷಣವಾಯಿತು. ಅದನ್ನು ಓದಿದಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಕಳಿಸಿದ್ದು ನಾಲ್ಕನೆಯದನ್ನು. ಅವರು ಕೂತಿದ್ದರೆಂದು ನನ್ನ ತಂದೆ ಹೇಳಿದರೋ, ನಾನು ಬರೆದೆನೋ, ನನಗೆ ಗೊತ್ತಿಲ್ಲ. ಹುಡುಕಿದೆ, ಸಿಗಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸುತ್ತೇವೆ, ಆದ್ದರಿಂದ ಯಾರಿಂದಲಾದರೂ ಈ ತಪ್ಪು ಆಗಿರಬಹುದು. ನಿಮ್ಮ ತಾಯಿಯವರನ್ನು ಕ್ಷಮೆ ಕೇಳುತ್ತೇನೆ. ಅಷ್ಟೇ. ಅಕ್ಕ ಹೇಳಿದ್ದನ್ನು ಬರೆಯಲಿಲ್ಲ. ಗೊತ್ತಿಲ್ಲ ಎಂಬ ಪ್ರಾಮಾಣಿಕ ಮಾತಿನ ಕೆಳಗೆ 'ಎರಡನೇ ಸಲ ಕೂಗಲಿಲ್ಲ' ಎಂಬುದನ್ನು ಹಾಕಿ ಮೇಲೆ ಮಟ್ಟ ಮಾಡಿದೆ.

ಹನ್ನೆರಡು ದಿನದ ಮೇಲೆ ಉತ್ತರ ಬಂತು.

"ಗೊತ್ತಿಲ್ಲ ಎಂಬುದನ್ನು ನಾನು ಅಮ್ಮನಿಗೆ ಹೇಗೆ ಹೇಳಲಿ?" ಎಂದು ಬರೆದಿದ್ದಳು. "ನೀವು ಕತೆ ಬರೆಯುವವರು, ಅದು ನಿಮ್ಮ ಕಟ್ಟುಕತೆ, ನೀವೇ ಒಪ್ಪಿಕೊಂಡಿದ್ದೀರಿ ಎಂದು ಹೇಳಿದೆ. ಅಮ್ಮ ಒಂದು ದಿನವೆಲ್ಲ ನಿಮ್ಮ ಮೇಲೆ ಸಿಟ್ಟಿನಲ್ಲಿದ್ದಳು, ಮರುದಿನ ಸೂಪು ಕುಡಿದಳು. ಬೇರೆಯವರ ಮನೆಯ ಸತ್ತವರನ್ನು ನಿಮಗೆ ಬೇಕಾದ ಹಾಗೆ ಕೂರಿಸಬೇಡಿ ಎಂದು ನಿಮಗೆ ಹೇಳಲು ಹೇಳಿದ್ದಾಳೆ. ಗ್ರಂಥಾಲಯದ ಗೋಡೆಯಿಂದ ನಿಮ್ಮ ಪುಟವನ್ನು ತೆಗೆಸಿದ್ದೇನೆ. ನಮ್ಮ ಊರಿನ ಯಾರಾದರೂ ನಿಮಗೆ ಬರೆದರೆ ದಯವಿಟ್ಟು ಇದನ್ನೇ ಹೇಳಿ. ಬೇರೆ ಏನೂ ಬರೆಯಬೇಡಿ."

ಒಪ್ಪಿದೆ ಎಂದು ಒಂದು ಪದ ಕಳಿಸಿದೆ. ಹೀಗಾಗಿ ಆ ಊರಿನಲ್ಲಿ ಈಗ ನಾನು ಸುಳ್ಳುಗಾರ, ನನ್ನ ಅಪ್ಪ ಯಾವ ತಪ್ಪೂ ಮಾಡದ ಒಬ್ಬ ಸೈನಿಕ. ಇದರಿಂದ ನನಗೆ ನೆಮ್ಮದಿಯಾಯಿತೇ ಎಂದರೆ, ಆಯಿತು. ಆ ನೆಮ್ಮದಿ ಬಾಯಲ್ಲಿ ಕಹಿಯಾಗಿ ಉಳಿದಿದೆ. ಫೋಟೋ ಫಾರ್ವರ್ಡ್ ಮಾಡಿದ್ದ ಮೂವರಿಗೆ ಏನೂ ತಿಳಿಸಿಲ್ಲ. ಅಕ್ಕನಿಗೆ ಹೇಳಿದೆ. "ಒಳ್ಳೇದಾಯ್ತು ಬಿಡು," ಎಂದವಳು, ಮತ್ತೆ ಅದರ ಬಗ್ಗೆ ಮಾತೆತ್ತಿಲ್ಲ.

ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆ ಊರಿಗೆ ತಲುಪಲಾರದು ಎಂಬ ಧೈರ್ಯದಲ್ಲಿ. ಹಿಂದಿನ ಸಲವೂ ಇದೇ ಧೈರ್ಯವಿತ್ತು.

ನೆಲಮಾಳಿಗೆಯಲ್ಲಿದ್ದವರು ಕೂತಿದ್ದರೋ ಬಿದ್ದಿದ್ದರೋ ನನಗೆ ಗೊತ್ತಿಲ್ಲ. ಅಪ್ಪ ಅದನ್ನು ನನಗೆ ಹೇಳಿದರೋ, ಅಕ್ಕನಿಗೆ ಹೇಳಿದರೋ, ಯಾರಿಗೂ ಹೇಳಲಿಲ್ಲವೋ ಗೊತ್ತಿಲ್ಲ. ಒಮ್ಮೆ ಕೂಗಿದರೋ ಎರಡು ಸಲ ಕೂಗಿದರೋ ಗೊತ್ತಿಲ್ಲ. ಸೈನಿಕನೊಬ್ಬ ಯಾವುದೋ ತಿಳಿಯದ ಭಾಷೆಯಲ್ಲಿ ಕೂಗಿದಾಗ, ಕತ್ತಲಲ್ಲಿ ಉಸಿರು ಬಿಗಿಹಿಡಿದು ಸುಮ್ಮನಿದ್ದವರು ಯಾರಾದರೂ ಅಲ್ಲಿದ್ದರೋ, ಅದೂ ಗೊತ್ತಿಲ್ಲ. ಆ ಹುಡುಗಿ ಇಳಿದು ಬರುವಾಗ ಮೆಟ್ಟಿಲ ಬುಡದಲ್ಲಿ ಬಿದ್ದಳೋ, ಆಮೇಲೆ ಒಳಗಿನಿಂದ ಎದ್ದು ಅಲ್ಲಿಯವರೆಗೆ ಬಂದಳೋ, ನನಗೆ ಗೊತ್ತಿಲ್ಲ.